ಸುಟ್ಟ ಬೋರ್ಡಿನ ಮಹಜರು

"ಈ ಹಾರ ಯಾರು ಹಾಕಿದ್ದು?" ಎಂದು ಹಾಸನದಿಂದ ಬಂದಿದ್ದ ಎಂಜಿನಿಯರ್ ಇಂದುಧರ ಕೇಳಿದ. ಕೋಣೆಯಲ್ಲಿದ್ದ ಉಳಿದ ಇಬ್ಬರೂ ನೆಲದ ಮೇಲಿದ್ದ ಬಾಡಿದ ಸೇವಂತಿಗೆಯನ್ನೇ ನೋಡಿದರು.

ಎರಡು ಮೊಳದ ಹಾರ. ಆಯುಧಪೂಜೆಯ ದಿನ ಬಸ್ತಿಹಳ್ಳಿಯ ಆ ಬಾಡಿಗೆ ಕಚೇರಿಯಲ್ಲಿ ಕ್ಯಾಮೆರಾಕ್ಕೆ ಒಂದು ಹೂವು, ಕಂಪ್ಯೂಟರಿಗೆ ಒಂದು ಬೊಟ್ಟು ಕುಂಕುಮ ಸಂದಿತ್ತು. ಮೂಲೆಯಲ್ಲಿ ಗುಂಯ್‌ಗುಡುತ್ತಿದ್ದ ಸ್ಟೋರೇಜ್ ಡಬ್ಬಕ್ಕೆ ಮಾತ್ರ ಪೂರಾ ಹಾರ. ತೆಗೆದ ಫೋಟೋಗಳೆಲ್ಲ ಇರುವುದು ಅದರೊಳಗೇ ಎಂದು ತಿಳಿದ ಷಡಕ್ಷರಪ್ಪನವರು ಅದಕ್ಕೆ ಮನೆ ಹಿರಿಯನ ಮರ್ಯಾದೆ ಸಲ್ಲಿಸಿದ್ದರು. ಡಬ್ಬ ಗಾಳಿ ಎಳೆದುಕೊಳ್ಳುವ ಕಿಂಡಿಗಳು ಹಾರದ ಹಿಂದೆಯೇ ಇದ್ದವು. ಆಮೇಲೆ ಕಚೇರಿಗೆ ನಾಲ್ಕು ದಿನ ರಜ; ಓಡುತ್ತಲೇ ಇದ್ದ ಡಬ್ಬಕ್ಕೆ ಇರಲಿಲ್ಲ.

"ನಾನೇ," ಎಂದರು ಷಡಕ್ಷರಪ್ಪ. ಅರಸೀಕೆರೆಯ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಮೇಲೆ, ಹಳೆಯ ಗುಡಿಗಳ ಚಿತ್ರ ಸಂಗ್ರಹಿಸುವ ಈ ಸಣ್ಣ ಟ್ರಸ್ಟಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದರು. ಕಚೇರಿಗೆ ಬಂದ ಮಾವಿನಹಣ್ಣಿನ ಬುಟ್ಟಿಗೂ ಆವಕ ಸಂಖ್ಯೆ ಕೊಡುವವರೆಂದು ಅವರ ಬೆನ್ನ ಹಿಂದೆ ನಗುವುದಿತ್ತು.

"ಡಿಸ್ಕುಗಳು ಚೆನ್ನಾಗಿದಾವೆ ಮೇಡಂ," ಎಂದ ಇಂದುಧರ, ಫೋಟೋಗ್ರಾಫರ್ ಶ್ಯಾಮಲಾಳ ಕಡೆ ತಿರುಗಿ. "ಸುಟ್ಟಿರೋದು ಬೋರ್ಡು. ಹೊಸದು ಹಾಕಿದೀನಿ. ಆದ್ರೆ ಒಳಗಿರೋ ಸಾಫ್ಟ್‌ವೇರಿನ ಲೈಸೆನ್ಸು ಹಳೇ ಬೋರ್ಡಿನ ನಂಬರಿಗೆ ಕೊಟ್ಟಿದ್ದು. ಅದನ್ನ ಕಂಪನಿಯೋರು ಇದಕ್ಕೆ ವರ್ಗ ಮಾಡ್ಬೇಕು. ಹೊಸ ಲೈಸೆನ್ಸ್ ತಗೊಂಡ್ರೆ ಡಿಸ್ಕೆಲ್ಲ ಅಳಿಸಿ ಮೊದ್ಲಿಂದ ಶುರು ಮಾಡ್ಬೇಕಾಗತ್ತೆ."

ಶ್ಯಾಮಲಾ ಕುರ್ಚಿಯಲ್ಲಿ ಕುಳಿತಳು. ಮೂರು ವರ್ಷ ಏಣಿ ಹೊತ್ತು ತಿರುಗಿದ ಕೆಲಸ ಅದು. ಮಿಕ್ಕದ್ದನ್ನು ಮತ್ತೆ ತೆಗೆಯಬಹುದು. ಬಿಕ್ಕೋಡಿನಾಚೆಯ ಪಾಳುಗುಡಿಯ ಫೋಟೋ ಮಾತ್ರ ಮತ್ತೆ ತೆಗೆಯುವಂತಿರಲಿಲ್ಲ. ಗುಡಿ ಜುಲೈ ತಿಂಗಳಲ್ಲಿ ಕುಸಿದು, ಅದರ ಕಲ್ಲುಗಳು ಈಗ ಯಾರ ಯಾರದೋ ಕಣದ ಸುತ್ತ ಇದ್ದವು.

ಬೆಂಗಳೂರಿನ ಕಂಪನಿಗೆ ಎಲ್ಲರಿಗೂ ಕೇಳುವಂತೆ ಸ್ಪೀಕರಿನಲ್ಲಿ ಫೋನು ಹೋಯಿತು. ಶಶಿಕಿರಣ್ ಎಂಬುವನು ವಿನಯವಾಗಿಯೇ ಇಲ್ಲವೆಂದ. "ಲೈಸೆನ್ಸ್ ಇರೋದು ಡೀಲರ್ ಹೆಸರಲ್ಲಿ ಸರ್, ನಿಮ್ಮ ಹೆಸರೇ ಬರ್ತಾ ಇಲ್ಲ."

"ಆ ಡೀಲರು ಅಂಗಡಿ ಮುಚ್ಚಿ ಎರಡು ವರ್ಷ ಆಯ್ತಲ್ರೀ!" ಎಂದಳು ಶ್ಯಾಮಲಾ.

"ಅದೂ ಅಲ್ದೆ ಮೇಡಂ, ಹಳೇ ಬೋರ್ಡನ್ನ ನೀವು ಇನ್ನೆಲ್ಲೋ ಓಡಿಸ್ತಾ ಇಲ್ಲ ಅಂತ ನಮಗೇನು ಗ್ಯಾರಂಟಿ?"

ಅಷ್ಟು ಹೊತ್ತು ಅಪರಾಧಿಯಂತೆ ನಿಂತಿದ್ದ ಷಡಕ್ಷರಪ್ಪನವರು ತಲೆಯೆತ್ತಿದರು. "ಅಂದ್ರೆ, ಖಾತೆ ಡೀಲರ್ ಹೆಸರಲ್ಲಿ. ಸ್ವಾಧೀನ, ಅನುಭವ ನಮ್ದು."

"ಸಾರ್, ಇದು ಜಮೀನಲ್ಲ," ಎಂದಳು ಶ್ಯಾಮಲಾ.

"ಎಲ್ಲಾ ಜಮೀನೇ ಕಣಮ್ಮ. ಕೆಲವು ಉಳೋಕೆ ಬರಲ್ಲ, ಅಷ್ಟೆ."

ಹಳೇ ಬೋರ್ಡು ಸುಟ್ಟಿದೆಯೆಂಬುದಕ್ಕೆ ದಾಖಲೆಯಾಗಲೆಂದು ಮಧ್ಯಾಹ್ನ ಮಹಜರು ನಡೆಯಿತು. ಪಂಚರಾಗಿ ಎದುರುಮನೆಯ ಸುವರ್ಣಮ್ಮ, ದಾರಿಯಂಚಿನಲ್ಲಿ ಹೂವು ಮಾರುವ ರಾಮಣ್ಣ. ಸುಟ್ಟ ಬೋರ್ಡನ್ನು ಮೇಜಿನ ಮೇಲಿಟ್ಟು ಷಡಕ್ಷರಪ್ಪ ಗಟ್ಟಿಯಾಗಿ ಓದುತ್ತ ಬರೆದರು: "ಸದರಿ ಬೋರ್ಡನ್ನು ಪಂಚರ ಸಮಕ್ಷಮ ಪರಿಶೀಲಿಸಲಾಗಿ, ಬಲಭಾಗದ ಅಂಚು ಕರಕಲಾಗಿರುತ್ತದೆ. ಮೂಗಿಗೆ ಹಿಡಿದರೆ ಸುಟ್ಟ ವಾಸನೆ ಇರುತ್ತದೆ." ಸುವರ್ಣಮ್ಮ ಮೂಸಿ ನೋಡಿ, "ಹೌದು, ಐತೆ," ಎಂದರು. ಅದೂ ದಾಖಲಾಯಿತು. ಬೋರ್ಡಿಗೆ ಚಕ್ಕುಬಂದಿಯೂ ಬಂತು: ಪೂರ್ವಕ್ಕೆ ಫ್ಯಾನು, ಪಶ್ಚಿಮಕ್ಕೆ ಡಿಸ್ಕುಗಳು, ಉತ್ತರಕ್ಕೆ ಗೋಡೆ, ದಕ್ಷಿಣಕ್ಕೆ ಹಾರ.

"ಹಾರದ ವಿಷಯ ಬೇಡ ಸಾರ್," ಎಂದು ಶ್ಯಾಮಲಾ ತಡೆದಳು. "ನಮ್ದೇ ತಪ್ಪು ಅಂತ ಗೊತ್ತಾದ್ರೆ ಕೊಡೋದೂ ಕೊಡಲ್ಲ. ವೋಲ್ಟೇಜ್ ಅಂತ ಬರೆದುಬಿಡಿ."

ಷಡಕ್ಷರಪ್ಪ ಪೆನ್ನು ಕೆಳಗಿಟ್ಟರು. "ವೋಲ್ಟೇಜನ್ನ ಪಂಚರು ಕಂಡಿಲ್ವಲ್ಲಮ್ಮ. ಹಾರ ಕಂಡಿದಾರೆ."

ರಾಮಣ್ಣನಿಗೆ ದಿಗಿಲಾಯಿತು. "ಹೂ ಮಾರ್ದೋನು ನಾನು. ನನ್ ತಲೆಗೇ ಬತ್ತದೇನೋ ಸ್ವಾಮಿ!"

"ಬರಲ್ಲ ಕಣಯ್ಯ. ಹಾಕ್ದೋನು ನಾನು ಅಂತ ಮೊದ್ಲೇ ಬರ್ದಿದೀನಿ. ನೀನು ಹೂವು ತಾಜಾ ಇತ್ತು ಅಂತ ರುಜು ಮಾಡು."

ಶ್ಯಾಮಲಾ ಅದನ್ನು ಇಂಗ್ಲಿಷಿಗೆ ಇಳಿಸಿದಳು. 'ಚಕ್ಕುಬಂದಿ'ಗೆ ಅರ್ಧ ಗಂಟೆ ಹಿಡಿಯಿತು. ಬೋರ್ಡನ್ನು ಬಿಳಿ ಬಟ್ಟೆಯಲ್ಲಿ ಹೊಲಿದು, ಗಂಟಿನ ಮೇಲೆ ಅರಗಿನ ಮುದ್ರೆಯೊತ್ತಿ, ಮಹಜರಿನ ಸಮೇತ ಷಡಕ್ಷರಪ್ಪನವರೇ ಬೇಲೂರಿಗೆ ಬಸ್ಸಿನಲ್ಲಿ ಹೋಗಿ ಕೊರಿಯರಿಗೆ ಹಾಕಿ ಬಂದರು.

ಆಮೇಲಿನ ಎಂಟು ದಿನ ಅವರು ಡಬ್ಬದ ಎದುರು ಚಪ್ಪಲಿ ಮೆಟ್ಟಿ ಹೋಗಲಿಲ್ಲ. ಮಧ್ಯಾಹ್ನದ ಬುತ್ತಿ ಅರ್ಧ ಹಾಗೇ ವಾಪಸಾಗುತ್ತಿತ್ತು.

ಒಂಬತ್ತನೆಯ ದಿನ ಶಶಿಕಿರಣ್ ತಾನಾಗಿಯೇ ಫೋನು ಮಾಡಿದ. "ಸರ್, ನಿಮ್ಮ ಆ ಕಾಗದ ನಮ್ಮ ಆಫೀಸಲ್ಲೆಲ್ಲ ಓದಿದ್ರು. ಬೋರ್ಡ್ ಕಳಿಸಿ ಅಂದ್ರೆ ಯಾರೂ ಕಳಿಸಲ್ಲ, ನೀವು ನಾವು ಕೇಳೋಕೆ ಮುಂಚೇನೇ ಸೀಲ್ ಹಾಕಿ ಕಳಿಸಿದೀರಿ. ಎಲ್ಲರೂ ವೋಲ್ಟೇಜ್ ಅಂತಾರೆ ಸರ್. ಹಾರ ಅಂದೋರು ನೀವೊಬ್ರೇ. ಲೈಸೆನ್ಸ್ ಟ್ರಸ್ಟ್ ಹೆಸರಿಗೆ ವರ್ಗ ಆಗಿದೆ. ಬರ್ಕೋತೀರಾ?"

"ಹೇಳಿ," ಎಂದು ಷಡಕ್ಷರಪ್ಪ ಆವಕ ಪುಸ್ತಕ ತೆರೆದರು. ಇಪ್ಪತ್ತೈದು ಅಕ್ಷರ, ಅಂಕಿಗಳನ್ನು ಬಿತ್ತನೆಗೆ ಕಾಳು ಆರಿಸುವವರಂತೆ ಒಂದೊಂದಾಗಿ ಬರೆದುಕೊಂಡು, ತಿರುಗಿ ಓದಿ ಹೇಳಿದರು. ಶ್ಯಾಮಲಾ ಅದನ್ನು ನೋಡಿಕೊಂಡು ಕಂಪ್ಯೂಟರಿಗೆ ಒತ್ತಿದಳು. ಡಬ್ಬದ ಕೆಂಪು ದೀಪ ಕೊಂಚ ಹೊತ್ತು ಯೋಚಿಸಿತು. ಹಸಿರಾಯಿತು.

ಅವಳು ಮೊದಲು ತೆರೆದದ್ದು ಬಿಕ್ಕೋಡಿನಾಚೆಯ ಗುಡಿಯನ್ನು. ಪರದೆಯ ತುಂಬ ಒಬ್ಬ ಮದ್ದಳೆಗಾರ. ಒಂದು ಕೈ ಮುರಿದಿದ್ದರೂ ಇನ್ನೊಂದು ಬಾರಿಸಲು ಎತ್ತಿಯೇ ಇತ್ತು.

"ಕೆಳಗೇನೋ ಬರ್ದಂಗಿದೆಯಲ್ಲಮ್ಮ?"

ಶ್ಯಾಮಲಾ ಚಿತ್ರವನ್ನು ದೊಡ್ಡದು ಮಾಡಿದಳು. ಪೀಠದ ಅಂಚಿನಲ್ಲಿ ಹಳಗನ್ನಡದ ಐದಾರು ಅಕ್ಷರಗಳು, ಪಾಚಿಯ ನಡುವೆ. "ಕೆತ್ತಿದೋನ ಹೆಸರು ಸಾರ್. ಕೆಲವರು ಹಾಕ್ತಿದ್ರು."

ಷಡಕ್ಷರಪ್ಪ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಬಳಿಕ ಆವಕ ಪುಸ್ತಕಕ್ಕೆ ಮರಳಿದರು. ಮೂವತ್ತನಾಲ್ಕು ವರ್ಷ ಸರ್ಕಾರಕ್ಕೂ ಮೂರು ವರ್ಷ ಟ್ರಸ್ಟಿಗೂ ಅವರು ಹಾಕಿದ್ದು ಮೀನಿನ ಗಾಳದಂಥ ಒಂದು ಗೀಟಿನ ರುಜು. ಈ ಸಲ ಪೆನ್ನು ರುಜುವಿನ ಖಾನೆಯ ಮೇಲೆ ತುಸು ನಿಂತಿತು. ಆಮೇಲೆ ಅವರು, ಖಾನೆ ಸಾಲದೆ ಅಂಚಿನ ಗೆರೆಯನ್ನೂ ದಾಟಿ, ತಮ್ಮ ಹೆಸರನ್ನು ಪೂರ್ತಿ ಬರೆದರು.