ಕೆಡದ ಕ್ಲಚ್ಚಿನ ರಿಪೇರಿ

ಆರ್ನಾಲ್ಡ್ ಹಾಲ್‌ರಾಯ್ಡ್ ತಮ್ಮ ಆಯುಷ್ಯದಲ್ಲಿ ಮುಂದಕ್ಕೆ ನಡೆದದ್ದಕ್ಕಿಂತ ಹಿಂದಕ್ಕೆ ನಡೆದದ್ದೇ ಹೆಚ್ಚು ಎಂದು ನಾವು ಕ್ಯಾರವಾನ್ ಸಂಘದವರೆಲ್ಲ ತಮಾಷೆ ಮಾಡುತ್ತಿದ್ದೆವು. ವಾರಾಂತ್ಯದ ಕೂಟಕ್ಕೆಂದು ಶುಕ್ರವಾರ ಸಂಜೆ, ಹುಲ್ಲುಗಾವಲಿನ ಗೇಟಿನ ಬಳಿ ಕಾರುಗಳು ತಮ್ಮ ಬೆನ್ನಿಗೆ ಕ್ಯಾರವಾನೆಂಬ ಪುಟ್ಟ ಬಿಳಿ ಗಾಲಿಮನೆಗಳನ್ನು ಕಟ್ಟಿಕೊಂಡು ಸಾಲುಗಟ್ಟಿ ನಿಂತಾಗ, ಅವರು ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ, ಕಾರು ನಡೆಸುವವನ ಮುಖದಿಂದ ದೃಷ್ಟಿ ಕದಲಿಸದೆ, ಒಮ್ಮೆಯೂ ಹಿಂತಿರುಗಿ ನೋಡದೆ, ಮೊಲದ ಬಿಲ, ದನದ ಸಗಣಿ, ಡೇರೆಯ ಗೂಟ ಎಲ್ಲವನ್ನೂ ಹಿಮ್ಮಡಿಯಿಂದಲೇ ಕಂಡವರಂತೆ ತಪ್ಪಿಸಿಕೊಳ್ಳುತ್ತ ಹಿಂದುಹಿಂದಕ್ಕೆ ಸರಿಯುತ್ತಿದ್ದರು; ಅವರು ನಿಂತಲ್ಲಿ ಕಾರು ನಿಲ್ಲುತ್ತಿತ್ತು, ಕಾರು ನಿಂತಲ್ಲಿ ಎರಡು ದಿನದ ಸಂಸಾರ ಶುರುವಾಗುತ್ತಿತ್ತು. ಅಂಥ ಮನುಷ್ಯರ ಬಗ್ಗೆ ಬರೆಯುವುದು ಸಂತೋಷದ ಕೆಲಸವಾಗಬೇಕು. ನನಗೆ ನಾಚಿಕೆಯಾಗುತ್ತದೆ, ಏಕೆಂಬುದನ್ನು ಹೇಳಿಯೇ ತೀರಬೇಕು.

ಹ್ಯಾಲಿಫ್ಯಾಕ್ಸಿನ ಬಸ್ ಡಿಪೋದಲ್ಲಿ ಅವರು ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ನಿವೃತ್ತಿಯ ದಿನ ಕೊಟ್ಟ ಗಡಿಯಾರವನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯಲಿಲ್ಲ. ಡಿಪೋದಿಂದ ತೊಟ್ಟುಕೊಂಡೇ ಬಂದ ಕಂದು ಬಣ್ಣದ ನೀಳವಾದ ಕೆಲಸದ ಕೋಟನ್ನು ಮಾತ್ರ ಆಮೇಲೆ ಯಾವ ಕೂಟದಲ್ಲೂ ಮೈಯಿಂದ ಕಳಚಲಿಲ್ಲ. ಅದರ ಬಲಜೇಬಿನಲ್ಲಿ ಗೂಟಗಳು, ಎಡಜೇಬಿನಲ್ಲಿ ಚಕ್ರದಡಿ ಇಡುವ ಮರದ ಚಕ್ಕೆಗಳು, ಎದೆಯ ಜೇಬಿನಲ್ಲಿ ಸೀಮೆಸುಣ್ಣ, ಹೆಗಲ ಮೇಲೆ ಒಂದು ಹಗ್ಗ. ಆ ಹಗ್ಗ ಸರಿಯಾಗಿ ಇಪ್ಪತ್ತು ಅಡಿ. ಒಂದು ಕ್ಯಾರವಾನಿಗೆ ಬೆಂಕಿ ಬಿದ್ದರೆ ಪಕ್ಕದ್ದಕ್ಕೆ ಹಬ್ಬದಂತೆ ನಡುವೆ ಅಷ್ಟು ಅಂತರವಿರಬೇಕೆಂಬುದು ನಮ್ಮ ಸಂಘದ ನಿಯಮ. ಆರ್ನಾಲ್ಡ್ ಅದನ್ನು ಎರಡೆರಡು ಸಲ ಅಳೆಯುತ್ತಿದ್ದರು. ಒಮ್ಮೆ ಒಬ್ಬ ಪಾದ್ರಿ, ಸುರಿಯುವ ಮಳೆಯಲ್ಲಿ, ಚಪ್ಪರವನ್ನೂ ಕಟ್ಟಿ ಮುಗಿಸಿ, ಚಹಾಕ್ಕೆ ನೀರಿಟ್ಟು ಕೂತಿದ್ದರು. ಅಂತರ ಹದಿನೆಂಟು ಅಡಿಯಿತ್ತು. ಆರ್ನಾಲ್ಡ್ ಬಾಗಿಲು ತಟ್ಟಿದರು. ಎರಡಡಿಗಾಗಿ ಇಷ್ಟೆಲ್ಲ ಕಿತ್ತು ಮತ್ತೆ ಹಾಕಬೇಕೇ ಎಂದು ಪಾದ್ರಿ ಗೊಣಗಿದಾಗ, "ಬೆಂಕಿಗೆ ನೀವು ಪಾದ್ರಿ ಅಂತ ಗೊತ್ತಾಗಲ್ಲ ಸ್ವಾಮಿ" ಎಂದು ತಾವೇ ಗೂಟ ಕೀಳಲು ಬಗ್ಗಿದರು.

ಅವರ ಮಾತಿನಲ್ಲಿ 'ತಾನೆ' ಎಂಬ ಎರಡಕ್ಷರಕ್ಕೆ ಬಿಡುವೇ ಇರಲಿಲ್ಲ. ಗಾಳಿಗೆ ಚಪ್ಪರ ಹಾರಿಹೋಯಿತೆಂದು ಯಾರಾದರೂ ಓಡಿಬಂದರೆ 'ಗಾಳಿ ತಾನೆ', ಚಕ್ರ ಕೆಸರಿನಲ್ಲಿ ಹೂತಿತೆಂದರೆ 'ಕೆಸರು ತಾನೆ'. ಹಾಗೆನ್ನುತ್ತಲೇ ಹೆಗಲು ಕೊಡಲು ಹೊರಟಿರುತ್ತಿದ್ದರು.

ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ, ಆಗಷ್ಟೇ ಶಾಲೆಯೊಂದರಲ್ಲಿ ಚರಿತ್ರೆಯ ಮೇಷ್ಟರಾಗಿದ್ದ ನಾನು, ಹೆಂಡತಿ ಜಾನೆಟ್‌ಳನ್ನು ಕೂರಿಸಿಕೊಂಡು ಮೊದಲ ಕೂಟಕ್ಕೆ ಹೋದಾಗ ಬಯಲಿನಲ್ಲಿ ಎಂಬತ್ತೆರಡು ಕ್ಯಾರವಾನುಗಳಿದ್ದವು. ಹೊರಗಿನವರಿಗೆ ಇದರ ಸೊಗಸು ಹೇಳಿದರೆ ಅರ್ಥವಾಗುವುದಿಲ್ಲ: ಮನೆಯಿಂದ ಇಪ್ಪತ್ತು ಮೈಲಿ ದೂರದ ಹುಲ್ಲಿನ ಮೇಲೆ, ಮನೆಗಿಂತ ಇಕ್ಕಟ್ಟಿನ ಜಾಗದಲ್ಲಿ, ಮನೆಯ ನೆರೆಯವರಂಥದೇ ನೆರೆಯವರ ನಡುವೆ ಎರಡು ರಾತ್ರಿ ಕಳೆಯಲು ಯಾರಾದರೂ ಇಷ್ಟು ಒದ್ದಾಡುತ್ತಾರೆಯೆ? ಆದರೆ ನಮ್ಮ ಬೀದಿಯಲ್ಲಿ ಪಕ್ಕದ ಮನೆಯವನ ಹೆಸರು ನನಗೆ ಗೊತ್ತಿರಲಿಲ್ಲ. ಇಲ್ಲಿ ಚಹಾದ ನೀರು ಕುದಿಯುವುದರೊಳಗೆ ಯಾರ ಮೊಣಕಾಲು ನೋಯುತ್ತದೆ, ಯಾರ ಮಗಳು ಯಾರನ್ನು ಮೆಚ್ಚಿದ್ದಾಳೆ ಎಲ್ಲ ತಿಳಿಯುತ್ತಿತ್ತು. ಬೆಳಗ್ಗೆ ನೀರಿನ ನಲ್ಲಿಯ ಮುಂದೆ ಬ್ಯಾಂಕಿನ ಮ್ಯಾನೇಜರೂ ಕಲ್ಲಿದ್ದಲು ಹೊರುವವನೂ ಮಲಗುವ ಬಟ್ಟೆಯಲ್ಲೇ ಕೊಡ ಹಿಡಿದು ನಿಲ್ಲುತ್ತಿದ್ದರು. ಶನಿವಾರ ದೊಡ್ಡ ಡೇರೆಯೊಳಗೆ ಮಾಂಸದ ಪೈ, ನುಣ್ಣಗೆ ಬೆಂದ ಬಟಾಣಿ, ಪುದೀನದ ಗೊಜ್ಜು. ತಟ್ಟೆ, ಲೋಟ, ಕುರ್ಚಿ ಅವರವರೇ ತರಬೇಕು. ಭಾನುವಾರ ಹನ್ನೊಂದಕ್ಕೆ ಕಾಫಿ. ಆಗ ಆ ವಾರದ ಮಾರ್ಷಲ್, ಅಂದರೆ ಕೂಟದ ಉಸ್ತುವಾರಿ ಹೊತ್ತವರು, ಎದ್ದು ನಿಂತು, ಕಷ್ಟಪಟ್ಟು ಬಂದವರ ಹೆಸರು ಹಿಡಿದು ಕೃತಜ್ಞತೆ ಹೇಳಿ, ಪ್ರತಿಯೊಂದು ಕುಟುಂಬಕ್ಕೂ ಆ ಕೂಟದ ತಗಡಿನ ಬಿಲ್ಲೆ ಹಂಚಬೇಕು. ಅಂಥ ತೊಂಬತ್ತಾರು ಬಿಲ್ಲೆಗಳು ನನ್ನ ಕ್ಯಾರವಾನಿನ ಒಳಗೋಡೆಯ ಮೇಲೆ ಮಿನುಗುತ್ತಿದ್ದವು.

ಎಂಬತ್ತೆರಡು ಐವತ್ತಾಯಿತು, ಐವತ್ತು ಇಪ್ಪತ್ತಾರಾಯಿತು. ಮುದುಕರು ತೀರಿಕೊಂಡರು, ಮಕ್ಕಳಿಗೆ ಹುಲ್ಲು ಬೇಡವಾಯಿತು, ವಿದ್ಯುತ್ತು, ಬಿಸಿನೀರಿನ ಸ್ನಾನ, ಕಾಲಡಿಗೆ ಜಲ್ಲಿ ಹಾಸಿದ ನೆಲ ಎಲ್ಲವೂ ಇರುವ, ಯಾರೂ ಯಾರನ್ನೂ ಮಾತಾಡಿಸಬೇಕಾಗಿಲ್ಲದ ಜಾಗಗಳು ಕಡಲತೀರದ ಉದ್ದಕ್ಕೂ ಎದ್ದವು. ಹನ್ನೊಂದೇ ಕ್ಯಾರವಾನುಗಳು ಬಂದ ವರ್ಷ ನಾನೊಂದು ವಿಷಯ ಗಮನಿಸಿದೆ: ಆರ್ನಾಲ್ಡರ ಹಗ್ಗ ಉದ್ದವಾಗಿತ್ತು. ಇದ್ದಷ್ಟನ್ನೇ ದೂರದೂರ ನಿಲ್ಲಿಸಿ ಬಯಲು ಬಣಗುಡದಂತೆ ಮಾಡಲೆಂದು ಅವರು ಅದಕ್ಕೆ ಸದ್ದಿಲ್ಲದೆ ಇನ್ನೊಂದು ಹಗ್ಗ ಗಂಟು ಹಾಕಿದ್ದರು. ನಾನದನ್ನು ಶಾಲೆಯ ಮೇಷ್ಟರ ಕೋಣೆಯಲ್ಲಿ ವರ್ಣಿಸಿ ಎಲ್ಲರನ್ನೂ ನಗಿಸಿದೆ. ಅಲ್ಲಿ ಕ್ಯಾರವಾನಿನವರೆಂದರೆ ಮೊದಲೇ ಲೇವಡಿ. ನಾನೂ ಅವರೊಡನೆ ಹಲ್ಲು ಕಿಸಿದೆ.

ನಮ್ಮಲ್ಲಿ ಸರದಿ ಎಂಬುದೊಂದು ಇತ್ತು. ಚಳಿಗಾಲದ ವಾರ್ಷಿಕ ಸಭೆಯಲ್ಲಿ ಮುಂದಿನ ವರ್ಷದ ಕೂಟಗಳ ಹಾಳೆ ಕೈಯಿಂದ ಕೈಗೆ ಹೋಗುತ್ತಿತ್ತು. ಯಾವುದಾದರೊಂದು ಕೂಟದ ಮಾರ್ಷಲಾಗಲು ಒಬ್ಬೊಬ್ಬರೂ ಹೆಸರು ಬರೆಯಬೇಕು. ಬರೆದರೆ ಬಯಲು ಹುಡುಕುವುದು, ಡೇರೆ ಕಟ್ಟುವುದು, ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುವುದು. ಇಪ್ಪತ್ತೊಂದು ವರ್ಷ ಆ ಹಾಳೆಯನ್ನು ನಾನು ಹಾಗೆಯೇ ಪಕ್ಕಕ್ಕೆ ದಾಟಿಸಿದೆ. ಒಂದು ವರ್ಷ ಪರೀಕ್ಷೆಯ ಪೇಪರು, ಒಂದು ವರ್ಷ ಜಾನೆಟ್‌ಳ ತಾಯಿ, ಒಂದು ವರ್ಷ ಏನೂ ಇಲ್ಲ, ಸುಮ್ಮನೆ ನೆಲ ನೋಡಿದೆ. ಖಾಲಿ ಉಳಿದ ಸಾಲುಗಳಲ್ಲಿ ಕೊನೆಗೆ ಕಾಣುತ್ತಿದ್ದದ್ದು ಒಂದೇ ಹೆಸರು.

ತೊಂಬತ್ತೊಂಬತ್ತರ ವಸಂತದಲ್ಲಿ ಆರ್ನಾಲ್ಡ್ ನನ್ನನ್ನು ಪಕ್ಕಕ್ಕೆ ಕರೆದರು. ಥಾರ್ನ್‌ಬ್ಯಾಂಕ್ ತೋಟದ ಸೆಪ್ಟೆಂಬರ್ ಕೂಟ, ಅಂದರೆ ವರ್ಷದ ಕೊನೆಯ ಕೂಟ, ನಮಗೆಲ್ಲ ಪ್ರಾಣ. ಅಲ್ಲಿನ ಮುದಿ ರೈತ ಮೆಟ್‌ಕಾಫ್, ನೀವು ವರ್ಷವರ್ಷ ಬರುತ್ತಿರುವವರೆಗೆ ಬಯಲು ನಿಮ್ಮದು, ಒಂದು ವರ್ಷ ತಪ್ಪಿದರೂ ಮಗನ ಮಾತಿನಂತೆ ಅಲ್ಲಿ ಬಾಡಿಗೆ ಮನೆಗಳು ಏಳುತ್ತವೆ ಎಂದಿದ್ದನಂತೆ. ಅದೇ ವಾರ ಆರ್ನಾಲ್ಡರ ಸೊಂಟದ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಎರಡು ವರ್ಷದಿಂದ ಆ ಕೀಲು ಸವೆದು, ಹೆಜ್ಜೆಗೊಮ್ಮೆ ಮುಖ ಹಿಂಡುವಂತಾಗಿತ್ತು. "ಈ ಒಂದು ಸಲ ನೀನು ನೋಡ್ಕೋ ತಮ್ಮಾ" ಎಂದರು. ಅವರು ಯಾರನ್ನಾದರೂ ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆಗಲಿ ಎಂದು ಕೈಕುಲುಕಿದೆ.

ಸೆಪ್ಟೆಂಬರ್ ಬಂತು. ಶಾಲೆಯ ಗೆಳೆಯರು ಅದೇ ವಾರಾಂತ್ಯಕ್ಕೆ ಫೈಲಿಯ ಕಡಲತೀರದಲ್ಲಿ, ಬಿಸಿನೀರು ಇರುವ ಕಡೆ, ನನಗೂ ಜಾಗ ಹಿಡಿದಿದ್ದರು. ಹನ್ನೊಂದು ಮುದುಕರಿಗೆ ಡೇರೆ ಕಟ್ಟುವುದೋ, ಸಮುದ್ರವೋ? ಸೋಮವಾರ ಆರ್ನಾಲ್ಡರಿಗೆ ಫೋನ್ ಮಾಡಿ, ಕ್ಲಚ್ಚು ಹೋಗಿದೆ, ಗ್ಯಾರೇಜಿನವರು ಹತ್ತು ದಿನ ಎನ್ನುತ್ತಾರೆ ಎಂದೆ. ಕ್ಯಾರವಾನಿನವರಲ್ಲಿ ಮರುಪ್ರಶ್ನೆಯಿಲ್ಲದ ನೆಪಗಳು ಎರಡೇ, ಸಾವು ಮತ್ತು ಕ್ಲಚ್ಚು. ಸಾವು ಹೇಳಲು ಧೈರ್ಯ ಬರಲಿಲ್ಲ. ನಲವತ್ತು ವರ್ಷ ಬಸ್ಸುಗಳ ಕ್ಲಚ್ಚು ಬಿಚ್ಚಿದವರಿಗೆ ಕ್ಲಚ್ಚಿನ ಸುಳ್ಳು ಹೇಳುತ್ತಿದ್ದೇನೆಂಬ ಪರಿವೆಯೂ ನನಗಿರಲಿಲ್ಲ, ಅಷ್ಟು ಸಲೀಸಾಗಿ ಬಾಯಿಗೆ ಬಂದಿತ್ತು. ಅವರು, ಚಿಂತೆ ಮಾಡಬೇಡ, ನಾನು ನೋಡಿಕೊಳ್ಳುತ್ತೇನೆ ಎಂದರು. ಬೇರೆ ಯಾರನ್ನೋ ಹುಡುಕುತ್ತಾರೆಂದು ನಾನು ನಿರಾಳನಾದೆ.

ಬುಧವಾರ ಮಧ್ಯಾಹ್ನ ಅವರು ನಮ್ಮ ಮನೆಯ ಮುಂದೆ ಬಂದಿಳಿದರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಹತಾರಗಳ ಪೆಟ್ಟಿಗೆ, ಕಂಕುಳಲ್ಲಿ ಎಲ್ಲಿಂದಲೋ ಸಂಪಾದಿಸಿದ ಹೊಸ ಕ್ಲಚ್ ಪ್ಲೇಟು. ನನ್ನ ಕಾರು ಅಂಗಳದಲ್ಲಿ ನಿಂತಿತ್ತು. ಅದರ ಹಿಂದೆ, ಫೈಲಿಗೆ ಹೊರಡಲು ಸಿದ್ಧವಾಗಿ, ಕ್ಯಾರವಾನನ್ನು ಜೋಡಿಸಿಟ್ಟಿದ್ದೆ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆರ್ನಾಲ್ಡ್ ಜೋಡಣೆಯನ್ನು ನೋಡಿದರು, ನನ್ನನ್ನು ನೋಡಿದರು.

"ಜೋಡಿಸಿಟ್ಟಿದ್ದು ಒಳ್ಳೇದಾಯ್ತು. ಸರಿಯಾದ ತಕ್ಷಣ ಹೊರಡಬಹುದು."

ಕಾರಿನೊಳಗೆ ಕೂತು ಇಂಜಿನ್ ಶುರು ಮಾಡಿದರು, ಗೇರು ಹಾಕಿದರು, ಪೆಡಲು ಒತ್ತಿ ಬಿಟ್ಟರು. ಅರ್ಧ ನಿಮಿಷವೂ ಆಗಲಿಲ್ಲ. ಇಂಜಿನ್ ಆರಿಸಿ, ಗೋಣಿ ಹಾಸಿ, ಆ ಸೊಂಟವನ್ನು ಇಂಚಿಂಚಾಗಿ ನೆಲಕ್ಕಿಳಿಸಿ, ನರಳುವುದು ನನಗೆ ಕೇಳಿಸಬಾರದೆಂದು ಹಲ್ಲು ಕಚ್ಚಿ, ಕಾರಿನ ಕೆಳಗೆ ಸರಿದರು. ನಾನು ಅಡುಗೆಮನೆಗೆ ಓಡಿದೆ. ಜಾನೆಟ್ ಕಿಟಕಿಯ ಬಳಿ ನಿಂತಿದ್ದಳು. "ನಾಚಿಕೆ ಆಗಲ್ವಾ ನಿಂಗೆ? ಹೋಗಿ ಹೇಳು" ಎಂದಳು. ಹೇಳಲಿಲ್ಲ. ಚಹಾ ಮಾಡಿದೆ. ಚಹಾ ಹಿಡಿದು ಹೋಗಿ, ಕಾರಿನ ಕೆಳಗಿಂದ ಹೊರಚಾಚಿದ್ದ ಆ ಎರಡು ಬೂಟುಗಳ ಪಕ್ಕದಲ್ಲಿಟ್ಟು ಬಂದೆ. ಒಂದು ಗಂಟೆಯ ಮೇಲೆ ಅವರು ಹೊರಗೆ ಬಂದು, ಕಾರನ್ನು ಹಿಡಿದು ಏಳುತ್ತ, ಕೇಬಲ್ಲು ಸ್ವಲ್ಪ ಸಡಿಲಾಗಿತ್ತು, ಬಿಗಿ ಮಾಡಿದ್ದೇನೆ, ಶುಕ್ರವಾರ ನೋಡೋಣ ಎಂದು ಕೈ ಒರೆಸಿಕೊಂಡರು. ತಂದ ಪ್ಲೇಟನ್ನು ಮತ್ತೆ ಕಂಕುಳಿಗಿಟ್ಟುಕೊಂಡು ಹೋದರು.

ನಾನು ಫೈಲಿಯ ಗೆಳೆಯರಿಗೆ ಫೋನ್ ಮಾಡಿ ಕ್ಲಚ್ಚು ಕೆಟ್ಟಿದೆ ಎಂದೆ. ಹೀಗೆ ಒಂದೇ ಕ್ಲಚ್ಚು ಒಂದೇ ವಾರದಲ್ಲಿ ಎರಡು ಸಲ ಕೆಟ್ಟಿತು.

ಥಾರ್ನ್‌ಬ್ಯಾಂಕ್‌ಗೆ ನಾನು ಶುಕ್ರವಾರ ಮುಟ್ಟುವಷ್ಟರಲ್ಲಿ ಡೇರೆ ಎದ್ದಿತ್ತು, ಬಾವುಟ ಹಾರುತ್ತಿತ್ತು. ಎಲ್ಲವನ್ನೂ ಆರ್ನಾಲ್ಡರೇ ಮಾಡಿ ಮುಗಿಸಿದ್ದರು. ಭಾನುವಾರ ಕಾಫಿಯ ಹೊತ್ತಿಗೆ ಊರುಗೋಲು ಊರಿ ಎದ್ದು ನಿಂತು ಅವರು ಹೇಳಿದ ಕೃತಜ್ಞತೆಯಲ್ಲಿ ಮೊದಲ ಹೆಸರು ನನ್ನದು: "ಕಾಲಿನ್‌ಗೆ ಈ ಸಲ ಬರೋದು ಎಲ್ಲರಿಗಿಂತ ಕಷ್ಟ ಇತ್ತು. ಆದ್ರೂ ಬಂದ." ಹತ್ತು ಕುಟುಂಬಗಳು ಚಪ್ಪಾಳೆ ತಟ್ಟಿದವು. ನಾನು ಬಾಗಿ ಬಿಲ್ಲೆ ತೆಗೆದುಕೊಂಡೆ.

ಲೋಟ ತೊಳೆಯುವಾಗ ಆರ್ನಾಲ್ಡರ ಹೆಂಡತಿ ಡೊರೀನ್, ಯಾವ ಆಕ್ಷೇಪವೂ ಇಲ್ಲದೆ, ಹವಾಮಾನದ ಮಾತಿನ ನಡುವೆ ಹೇಳಿದಳು: ನನ್ನ ಫೋನ್ ಬಂದ ಸೋಮವಾರವೇ ಅವರು ಆಸ್ಪತ್ರೆಗೆ ತಿಳಿಸಿ ಶಸ್ತ್ರಚಿಕಿತ್ಸೆಯ ದಿನವನ್ನು ಬಿಟ್ಟುಕೊಟ್ಟಿದ್ದರು, ಇನ್ನು ಫೆಬ್ರವರಿಗೇ ಅಂತೆ. ಐದು ತಿಂಗಳು. ಲೋಟ ಅಲ್ಲೇ ಇಟ್ಟು ಹೊರಟೆ. ಆರ್ನಾಲ್ಡ್ ಡೇರೆಯ ಹಿಂದೆ ಒಬ್ಬರೇ ಕೂತು ಗೂಟಗಳ ಮಣ್ಣು ಕೆರೆಯುತ್ತಿದ್ದರು. ಹೋಗಿ ಎದುರಿಗೆ ನಿಂತೆ.

"ಆರ್ನಾಲ್ಡ್, ಕ್ಲಚ್ಚು ಕೆಟ್ಟಿರ್ಲಿಲ್ಲ."

"ಗೊತ್ತು. ಇಂಜಿನ್ ಹಾಕಿದಾಗ್ಲೇ ಗೊತ್ತಾಯ್ತು."

"ಮತ್ತೆ ಒಂದು ಗಂಟೆ ಕೆಳಗೆ ಯಾಕೆ ಮಲಗಿದ್ರಿ? ಅದೂ ಈ ಸೊಂಟ ಇಟ್ಕೊಂಡು?"

ಅವರು ಗೂಟವೊಂದನ್ನು ಹುಲ್ಲಿಗೆ ಒರೆಸಿ, ಪಕ್ಕಕ್ಕಿಟ್ಟರು.

"ನಿಂಗೆ ಯೋಚನೆ ಮಾಡೋಕೆ ಟೈಮ್ ಬೇಕಿತ್ತಲ್ಲ ತಮ್ಮಾ."

ಅಷ್ಟೇ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಫೆಬ್ರವರಿಯಲ್ಲಿ ಸೊಂಟ ಸರಿಪಡಿಸಿದರು, ಆದರೆ ತಡವಾಗಿತ್ತಂತೆ, ಕಾಲು ಕೊನೆಯವರೆಗೂ ಸೆಟೆದೇ ಇತ್ತು. ಸರದಿಯ ಹಾಳೆಯ ಖಾಲಿ ಸಾಲುಗಳನ್ನು ತುಂಬಲು ಅವರಿಗೆ ಆಗಲಿಲ್ಲ, ಬೇರೆ ಯಾರೂ ತುಂಬಲಿಲ್ಲ. ಮೂರು ವರ್ಷದ ನಂತರ ಸಂಘವನ್ನು ಮುಚ್ಚಿದೆವು. ಪೆಟ್ರೋಲು, ವಯಸ್ಸು, ಬದಲಾದ ಕಾಲ ಎಂದು ನಿರ್ಣಯದಲ್ಲಿ ಕಾರಣಗಳನ್ನು ಬರೆದರು. ಅಚ್ಚುಕಟ್ಟಾದ ಭಾಷೆಯಲ್ಲಿ ತಿದ್ದಿಕೊಟ್ಟವನು ನಾನೇ. ಈಗ ಎಲ್ಲಾದರೂ ಹಳೆಯ ಸದಸ್ಯರು ಸಿಕ್ಕರೆ, ಎಂಥ ದಿನಗಳು ಕಾಲಿನ್, ಎಲ್ಲಿ ಹೋದವೋ ಎನ್ನುತ್ತಾರೆ. ನಾನೂ ತಲೆಯಾಡಿಸುತ್ತೇನೆ.

ಆ ದಿನಗಳು ಎಲ್ಲಿಗೂ ಹೋಗಲಿಲ್ಲ. ಜನ ಒಟ್ಟಿಗೆ ಸೇರುವ ಯಾವ ಜಾಗವೇ ಆಗಲಿ, ಅಲ್ಲಿ ಆರ್ನಾಲ್ಡರಂಥ ಒಬ್ಬಿಬ್ಬರು ಇರುತ್ತಾರೆ. ಅವರು ನಮ್ಮ ಸುಳ್ಳನ್ನು ನಮ್ಮ ಮುಖಕ್ಕೆ ಎಸೆಯುವುದಿಲ್ಲ. ಅದನ್ನು ನಿಜವೆಂದೇ ಹಿಡಿದು, ಅದರ ಅಡಿಯಲ್ಲಿ ಮೈ ಹಾಸಿ ದುಡಿಯುತ್ತ, ನಾವು ಮನುಷ್ಯರಾಗಲಿ ಎಂದು ಕಾಯುತ್ತಾರೆ. ಅವರು ಕಾಯುತ್ತಿರುವಷ್ಟು ಕಾಲವೂ ನಾವು ನಮ್ಮ ಸಂಘ, ನಮ್ಮ ಕೂಟ ಎಂದು ಎದೆ ತಟ್ಟಿಕೊಳ್ಳುತ್ತೇವೆ. ಅವರು ಕೂತುಬಿಟ್ಟ ದಿನ ತಿಳಿಯುತ್ತದೆ, ಅಲ್ಲಿದ್ದದ್ದು ಎಂಬತ್ತೆರಡು ಕುಟುಂಬಗಳಲ್ಲ, ಒಬ್ಬ ಮನುಷ್ಯನ ಮನೆ; ನಾವು ಇಪ್ಪತ್ತು ವರ್ಷ ಅಲ್ಲಿಗೆ ಹೋಗಿ ಉಂಡು, ಒಂದು ದಿನವೂ ಎಲೆ ಎತ್ತದೆ ಎದ್ದು ಬಂದವರು.