ಠಾಣೆಯಿಂದ ಬಂದ ಚೂರಿ

ಬೆಳಿಗ್ಗೆ ಎಂಟೂವರೆಗೆ ಅಂಕಲಿ ಹತ್ತಿರದ ಕಬ್ಬಿನ ಹೊಲವೊಂದರಲ್ಲಿ ಕೂಲಿಗೆ ಬಂದಿದ್ದ ಮಾಳಸಿದ್ದನ ಎಡಗೈಯ ಎರಡು ಬೆರಳು ತುಂಡಾದವು. ಅಂದು 1993ರ ಜನವರಿ 28, ಗುರುವಾರ.

"ನಿಮ್ಮಪ್ಪಂದೇನಲೇ ಮೇವು? ಬೋಸಡಿಮಗನ, ಹೊರಿ ಬಿಚ್ಚು" ಎಂದು ಮೊದಲು ಕೂಗಿದವನು ಹೊಲದೊಡೆಯ ಭೀಮಗೊಂಡನ ಮಗ ಮಲಕಾರಿ.

"ಕಬ್ಬ ಕಡದವರಿಗೆ ತುದಿ ಮೇವು ಬಿಡೂದು ಮೊದಲಿಂದ ಐತ್ರಿ ಸಣ್ಣ ಸಾವಕಾರ್ರ. ಎಮ್ಮಿ ಈದೈತ್ರಿ" ಎಂದು ಮಾಳಸಿದ್ದ ಹೊರೆಯ ಮೇಲೆ ಕೈಯಿಟ್ಟ.

ಮಲಕಾರಿ ಅವನು ಕಬ್ಬು ಕಡಿಯುವ ಕೊಯ್ತಾವನ್ನೇ ಕಿತ್ತುಕೊಂಡು ಆ ಕೈಯ ಮೇಲೆ ಬೀಸಿದ. ಎರಡನೇ ಸಲ ಎತ್ತಿದಾಗ ಪಕ್ಕದ ಸಾಲಿನಲ್ಲಿ ಕಬ್ಬು ಕಡಿಯುತ್ತಿದ್ದ ದಸ್ತಗೀರ ಓಡಿಬಂದು ಕೊಯ್ತಾ ಕಸಿದ. ಅದರ ಮೊಂಡು ಬೆನ್ನಿನಿಂದ ಮಲಕಾರಿಯ ಭುಜಕ್ಕೆ ಒಂದೇಟು ಹಾಕಿದ. ಭುಜ ಬಾತಿತು, ರಕ್ತ ಬರಲಿಲ್ಲ.

ಪೊಲೀಸರು ದಸ್ತಗೀರನನ್ನು ಹೊಲದಿಂದಲೇ ಒಯ್ದರು. ಕೊಯ್ತಾ ಸಾಲಿನಲ್ಲೇ ಬಿದ್ದಿತ್ತು. ಮರುದಿನ ಅದರಲ್ಲೇ ಕಬ್ಬು ಕಡಿದರು.

ಆಸ್ಪತ್ರೆಗೆ ಬಂದ ಠಾಣೆಯ ಫೌಜದಾರನಿಗೆ ಮಾಳಸಿದ್ದ ನಡೆದದ್ದನ್ನು ನಡೆದ ಹಾಗೆ ಹೇಳಿದ.

"ಕಡಿಯೂಮುಂದ ಕೈ ಜಾರೇತಿ, ಅಷ್ಟ" ಎಂದ ಫೌಜದಾರ.

"ಇಲ್ರಿ ಸಾಹೇಬ್ರ. ಮಲಕಾರಿ ಹೊಡದಾನ್ರಿ."

"ಹರೇದ ಹುಡುಗ, ಸಿಟ್ಟ ಬಂದಿರತೈತಿ. ಊರಂದಮ್ಯಾಲ ಇವೆಲ್ಲಾ ಆಗತಾವ. ಆ ಸಾಬನ್ನ ಯಾರು ಕಳಿಸಿದ್ರು, ಅದನ್ನ ಹೇಳು."

"ಯಾರ ಕಳಸ್ತಾರ್ರಿ? ಬುತ್ತಿ ಕಟಗೊಂಡ ನನ್ನ ಜೋಡಿನ ಬಂದಿದ್ದ."

ಫೌಜದಾರ ಅದನ್ನು ಬರೆದುಕೊಳ್ಳಲಿಲ್ಲ.

ಅಂದೇ ಮಧ್ಯಾಹ್ನ ಜೀಪು ದಸ್ತಗೀರನ ಮನೆ ಮುಂದೆ ನಿಂತಿತು. ಅವನ ತಂದೆ ಬಾಳಾಸಾಬ ಊರಿನ ಮುಲ್ಲಾ. ಹಿಂದೂ ಮನೆಗಳಲ್ಲಿ ದೇವರ ಹೆಸರಿಗೆ ಬಿಟ್ಟ ಕುರಿ ಕೊಯ್ಯುವುದು ಆ ಮನೆತನದ ಕೆಲಸ. ಮುಲ್ಲಾ ಬಿಸ್ಮಿಲ್ಲಾ ಹೇಳಿ ಕೊಯ್ಯದ ಕುರಿಯ ಬಾಡನ್ನು ಆ ಮನೆಗಳ ಹಿರಿಯರು ಬಾಯಿಗಿಡುತ್ತಿರಲಿಲ್ಲ. ಅವನ ಚೂರಿ ತೊಲೆಗೆ ಸಿಕ್ಕಿಸಿತ್ತು.

"ಇಷ್ಟುದ್ದದ್ದು ಮನ್ಯಾಗ ಯಾಕಲೇ?" ಎಂದು ಫೌಜದಾರ ಕೇಳಿದ.

"ಕುರಿ ಕೊಯ್ಯಾಕ್ರಿ."

"ಯಾರ ಕುರಿ?"

"ಎಲ್ಲಾರವೂರಿ. ದಸರಾಕ ನಿಮ್ಮ ಠಾಣೇದ ಹಿಂದ ಕೊಯ್ದದ್ದೂ ಇದರಾಗ್ರಿ."

ಒಬ್ಬ ಪೊಲೀಸ ನಕ್ಕ. ಫೌಜದಾರ ನಗಲಿಲ್ಲ. "ಹೋದ ತಿಂಗಳ ಗಲಾಟಿ ಆದಾಗ ನಿನ್ನ ಮಗಾ ಮುಂಬೈಕ ಹೋಗಿದ್ದ, ಹೌದಲ್ಲ?"

"ಅಂವ ಮಿರಜ ದಾಟಿಲ್ರಿ ಸಾಹೇಬ್ರ."

ಚೂರಿಯನ್ನು ಬಟ್ಟೆಯಲ್ಲಿ ಸುತ್ತಿ ಒಯ್ದರು. ಶನಿವಾರದ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು: ರೈತನ ಮೇಲೆ ಕೋಮು ದಾಳಿ, ಮಾರಕಾಸ್ತ್ರ ವಶ. ಮಾಳಸಿದ್ದನ ಬೆರಳಿನ ಮಾತು ಅದರಲ್ಲಿರಲಿಲ್ಲ. ದಸ್ತಗೀರ ಬೆಳಗಾವಿಯ ಜೈಲಿಗೆ ಹೋದ. ಮಲಕಾರಿ ಎಂದಿನಂತೆ ಕಬ್ಬಿನ ಟ್ರ್ಯಾಕ್ಟರಿನ ಮುಂದೆ ಮೋಟಾರ್ ಸೈಕಲ್ ಓಡಿಸಿಕೊಂಡು ಫ್ಯಾಕ್ಟರಿಗೆ ಹೋಗುತ್ತಿದ್ದ.

ಮಾರ್ಚಿನ ಮೊದಲ ಮಂಗಳವಾರ ಭೀಮಗೊಂಡ ಬಾಳಾಸಾಬನ ಬಾಗಿಲಿಗೆ ಬಂದ. ಕಂಕುಳಲ್ಲಿ ಒಂದು ಬಟ್ಟೆಯ ಸುರುಳಿ ಇತ್ತು.

"ಮುಲ್ಲಾ, ಮಾಯಕ್ಕದೇವಿಗೆ ಬಿಟ್ಟ ಕುರಿ ಐತಿ, ನಡಿ. ಬೀಗರು ಬಂದ ಕುಂತಾರ. ಸಾಹೇಬ್ರಿಗೆ ಹೇಳಿ ನಿನ್ನ ಚೂರಿ ಇಸಗೊಂಡ ಬಂದೇನಿ. ಸಂಜೀಕ ಹೊಳ್ಳಿ ಕೊಡಬೇಕ."

ಬಾಳಾಸಾಬನ ಹೆಂಡತಿ ಜೈತುನಬಿ ಒಳಗಿನಿಂದ ಬಂದು ಭೀಮಗೊಂಡನ ಕಾಲು ಹಿಡಿದಳು. "ಸಾವಕಾರ್ರ, ನಿಮ್ಮ ಒಂದ ಮಾತಿಗೆ ನನ್ನ ಮಗಾ ಬರ್ತಾನ್ರಿ. ಒಂದ ಮಾತ ಆಡ್ರಿ."

"ನೋಡೂಣ ಬೇ. ಮೊದಲ ಕುರಿ ಆಗ್ಲಿ."

ಭೀಮಗೊಂಡ ಬಟ್ಟೆ ಬಿಚ್ಚಿದ. ಚೂರಿಯ ಹಿಡಿಕೆಗೆ ದಾರದಿಂದ ಠಾಣೆಯ ಚೀಟಿ ಕಟ್ಟಿತ್ತು, ಗಂಟಿನ ಮೇಲೆ ಅರಗಿನ ಮೊಹರು. ಬಾಳಾಸಾಬ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಇದರಾಗ ಏನ ಬರದಾರ್ರಿ?"

"ಏನರ ಬರದಿರ್ಲಿ, ನಿನಗ್ಯಾಕ. ಹಿಡಿ."

"ನಾ ಮುಟ್ಟೂದಿಲ್ರಿ. ನನ್ನ ಕೈಯಾಗ ಬಂದ್ರ ಇದು ಕೊಲ್ಲೂ ಹತ್ಯಾರ ಆಕ್ಕೈತಿ. ಮಲಕಾರಿ ಕೈಯಾಗ ಕೊಡ್ರಿ. ಅಂವ ಹಿಡದದ್ದಕ್ಕ ಯಾರೂ ಚೀಟಿ ಕಟ್ಟೂದಿಲ್ಲ."

ಜೈತುನಬಿ ಭೀಮಗೊಂಡನ ಕಾಲು ಬಿಟ್ಟು ಗಂಡನ ಕಾಲು ಹಿಡಿದಳು. ಅವನು ಕದಲಲಿಲ್ಲ.

"ಮಗಾ ಒಳಗದಾನ, ನೆನಪಿರ್ಲಿ" ಎಂದ ಭೀಮಗೊಂಡ.

"ಅದೊಂದ ನೆನಪೈತ್ರಿ."

ಆ ಚೂರಿಯಿಂದ ಕುರಿಯನ್ನು ಮಲಕಾರಿ ಕೊಯ್ದ. ಹಿರಿಯ ಬೀಗರು ಉಣ್ಣದೆ ಬರೀ ಚಹಾ ಕುಡಿದು ಎದ್ದರು. ಬಾಡನ್ನು ಹೊಲದ ಬದುವಿನಲ್ಲಿ ಹೂಳಿದರು.

ಮೂರು ಗಂಟೆಗೆ ಭೀಮಗೊಂಡ ಚೂರಿಯನ್ನು ಠಾಣೆಗೆ ಮರಳಿಸಿದ. ನಾಲ್ಕು ಗಂಟೆಗೆ ಜೀಪು ಬಂದು ಬಾಳಾಸಾಬನನ್ನು ಒಯ್ದಿತು. ಆ ದಿನ ಬೆಳಿಗ್ಗೆ ಅವನು ಚೂರಿ ಎತ್ತಿ ಭೀಮಗೊಂಡನನ್ನು ಕೊಲ್ಲಲು ಬಂದನೆಂಬುದು ದೂರು.

ಅದೇ ಚೂರಿಗೆ ಇನ್ನೊಂದು ಚೀಟಿ ಕಟ್ಟಿದರು.