ಕೈಬದಲಿನ ಬ್ರೇಕು

ಕೆಂಪು ಉಣ್ಣೆಯ ದಾರವೊಂದು ಮೋರಿಯ ಜಾಲರಿಗೆ ಸಿಕ್ಕಿಕೊಂಡು ಸೋಪಿನ ನೀರಿನಲ್ಲಿ ಅಲ್ಲಾಡುತ್ತಿತ್ತು. ಅದನ್ನು ನೋಡಿದ್ದೇ ತಡ, ನನ್ನ ಎದೆ ಧಸಕ್ಕೆಂದಿತು.

ಅದು ನಾನೇ ಕಟ್ಟಿದ ದಾರ. ಹನ್ನೆರಡು ದಿನದ ಹಿಂದೆ ಲೈಬ್ರರಿ ಮೇಡಂ ಅವರ ಮೋಟಾರ್ ಸೈಕಲ್ಲಿನ ಮುಂದಿನ ಬ್ರೇಕ್ ಲಿವರಿಗೆ ಮೂರು ಸುತ್ತು ಸುತ್ತಿ ಗಂಟು ಹಾಕಿದ್ದೆ. ಈಗ ದವಡೆ ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡು, ಅರ್ಧ ದಿನದ ರಜೆ ಮುಗಿಸಿ ಶೋರೂಮಿನ ಹಿಂಬಾಗಿಲಿನಿಂದ ಒಳಗೆ ಬರುತ್ತಿದ್ದೆ. ಗಂಟೆ ಎರಡೂವರೆ. ಗೋಡೆಯ ಕಡೆ ನೋಡಿದರೆ ಗಾಡಿ ಇಲ್ಲ. ಸ್ಟ್ಯಾಂಡ್ ಊರಿ ಊರಿ ನೆಲದಲ್ಲಿ ಬಿದ್ದ ಗುಳಿ ಒಂದೇ ಇತ್ತು.

"ಅಜ್ಜ, ಇಲ್ಲಿದ್ದ ನೀಲಿ ಗಾಡಿ ಎಲ್ಲಿ?"

ಗಾಡಿ ತೊಳೆಯುವ ಅಜ್ಜ ಪೈಪು ಕೆಳಗಿಟ್ಟು ಹೆಮ್ಮೆಯಿಂದ ನಕ್ಕ. "ಡೆಲಿವರಿ ಆಗೋಯ್ತಲ್ಲಮ್ಮಾ. ಬೆಳಿಗ್ಗೆ ವ್ಯಾನಲ್ಲಿ ಮೀಟರ್ ಬಂತು, ಹುಡುಗ್ರು ಹಾಕಿ ಕೊಟ್ಬಿಟ್ರು. ನಾನೂ ಹೊಸಾ ಗಾಡಿ ಥರ ತೊಳ್ದುಕೊಟ್ಟೆ. ಲಿವರಿಗೆ ಯಾರೋ ಕೊಳಕು ದಾರ ಸುತ್ತಿದ್ರು ನೋಡು, ಅದನ್ನೂ ಕತ್ತರಿಸಿ ಬಿಸಾಕ್ದೆ. ಹತ್ತೊಂಬತ್ತು ದಿನ ಕಾದಿದ್ದಾರೆ ಪಾಪ, ಚೊಕ್ಕವಾಗಿರ್ಲಿ ಅಂತ."

ಅಜ್ಜನಿಗೆ ಬೈಯಲು ಬಾಯಿ ತೆರೆದೆ. ಏನಂತ ಬೈಯಲಿ? ಆ ದಾರದ ಅರ್ಥ ಅವನಿಗೆ ಯಾರೂ ಹೇಳಿರಲಿಲ್ಲ. ಅದು ಗೊತ್ತಿದ್ದದ್ದು ಇಬ್ಬರಿಗೇ, ನನಗೆ ಮತ್ತು ರಿಪೇರಿ ಮಾಡುವ ಮೇಸ್ತ್ರಿಗೆ. ಮೇಸ್ತ್ರಿ ಬೆಳಿಗ್ಗೆಯಿಂದ ಎಲ್ಲೋ ಕೆಟ್ಟು ನಿಂತ ಗಾಡಿ ನೋಡಲು ಹೋಗಿದ್ದ. ನಾನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ಬಿಟ್ಟುಕೊಂಡು ಮಲಗಿದ್ದೆ.

ವಿಷಯ ಇಷ್ಟೇ. ನಮ್ಮಲ್ಲಿ ಒಂದು ಪದ್ಧತಿ ಇದೆ, ಅದಕ್ಕೆ ಕೈಬದಲು ಅನ್ನುತ್ತೇವೆ. ಒಬ್ಬರಿಗೆ ಬೇಕಾದ ಪಾರ್ಟು ಸ್ಟಾಕಿನಲ್ಲಿ ಇರುವುದಿಲ್ಲ, ಅವರು ಜಾಗ ಬಿಟ್ಟು ಕದಲುವುದೂ ಇಲ್ಲ. ಆಗ ಇನ್ನೇನಕ್ಕೋ ಕಾಯುತ್ತ ನಿಂತಿರುವ ಮತ್ತೊಬ್ಬರ ಗಾಡಿಯಿಂದ ಅದನ್ನು ಬಿಚ್ಚಿ ಹಾಕಿ ಕಳಿಸುತ್ತೇವೆ. ಕೆಟ್ಟದ್ದನ್ನು ನಿಂತ ಗಾಡಿಗೆ ಸಿಕ್ಕಿಸಿಡುತ್ತೇವೆ, ಬೋಳಾಗಿ ಕಾಣಬಾರದಲ್ಲ. ಹೊಸದು ಬಂದ ಮೇಲೆ ಸರಿ ಮಾಡಿದರಾಯಿತು. ಕಂಪ್ಯೂಟರಿನಲ್ಲಿ ಇದೆಲ್ಲ ಬರೆಯುವ ಹಾಗಿಲ್ಲ. ನನ್ನ ಡ್ರಾಯರಿನ ಡೈರಿಯಲ್ಲಿ ಒಂದು ಸಾಲು, ಗಾಡಿಯ ಮೇಲೊಂದು ಕೆಂಪು ದಾರ, ಅಷ್ಟೇ ಗುರುತು. ಪಾರ್ಟ್ಸ್ ಕೌಂಟರಿನಲ್ಲಿ ಕೂತು ನನಗೆ ಹನ್ನೊಂದು ವರ್ಷವಾಯಿತು. ಕನ್ನಡಿ, ಇಂಡಿಕೇಟರ್, ಸೀಟಿನ ಬೀಗ ಎಷ್ಟು ಕೈಬದಲಾಗಿದೆಯೋ ಲೆಕ್ಕವಿಲ್ಲ. ಬ್ರೇಕು ಮಾತ್ರ ಎಂದೂ ಮುಟ್ಟಿರಲಿಲ್ಲ.

ಮುಟ್ಟಿಸಿದವನು ಸಿಮೆಂಟ್ ಸಾಹೇಬ. ಸಿಮೆಂಟ್ ಅಂಗಡಿಯವನು, ಅದಕ್ಕೇ ಆ ಹೆಸರು. ಅವನ ಗಾಡಿಯ ಮುಂದಿನ ಬ್ರೇಕಿನ ಮಾಸ್ಟರ್ ಸಿಲಿಂಡರ್ ಹೋಗಿತ್ತು. ಲಿವರಿನ ಪಕ್ಕ ಎಣ್ಣೆಯ ಪುಟ್ಟ ಡಬ್ಬಿ ಇರುತ್ತದಲ್ಲ, ಆ ಭಾಗ. ಹೊಸ ಗಾಡಿ ನೋಡಲು ಬಂದವರ ಎದುರಿಗೇ ಮೇಜು ಗುದ್ದಿ, "ಇದು ಶೋರೂಮೋ ಗುಜರಿ ಅಂಗಡಿಯೋ!" ಅಂತ ಸೂರು ಹಾರುವ ಹಾಗೆ ಕೂಗಿದ. ಮ್ಯಾನೇಜರ್ ಬೆವರೊರೆಸಿಕೊಳ್ಳುತ್ತ ನನ್ನ ಕೌಂಟರಿಗೆ ಓಡಿ ಬಂದರು.

"ಅಕ್ಕ, ಏನಾದ್ರೂ ಮಾಡಿ ಮೊದ್ಲು ಇವನನ್ನ ಸಾಗಹಾಕಿ."

ಆಗ ಕಿಟಕಿಯಿಂದ ನೀಲಿ ಗಾಡಿ ತೋರಿಸಿದ್ದು ನಾನೇ. ಬೇರೆ ಯಾರೂ ಅಲ್ಲ. "ಅದು ಹೇಗಿದ್ರೂ ಮೀಟರ್ ಬರೋವರೆಗೂ ಅಲ್ಲೇ ನಿಂತಿರತ್ತೆ" ಅಂದೆ.

ಕೆಟ್ಟ ಮಾಸ್ಟರ್ ಸಿಲಿಂಡರಿನ ಕೆಟ್ಟ ಬುದ್ಧಿ ಏನೆಂದರೆ, ಅದು ಮೊದಲ ಹಿಡಿತಕ್ಕೆ ಗಟ್ಟಿಯಾಗಿಯೇ ಇರುತ್ತದೆ. ಅಂಗಳದಲ್ಲಿ ಒಂದು ಸುತ್ತು ಓಡಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಒತ್ತಿ ಹಿಡಿದುಕೊಂಡೇ ಇದ್ದರೆ ಒಳಗಿನ ರಬ್ಬರ್ ಸೋತು, ಲಿವರ್ ಮೆಲ್ಲಗೆ ಕುಸಿಯುತ್ತದೆ. ಬ್ರೇಕನ್ನು ಹಾಗೆ ಒತ್ತಿ ಹಿಡಿದುಕೊಂಡೇ ಇರುವುದು ಇಳಿಜಾರಿನಲ್ಲಿ.

ಒಳಗೆ ಓಡಿದೆ. ಫೋನಿನಲ್ಲಿ ಗಿರಾಕಿಗಳಿಗೆ ಉತ್ತರ ಹೇಳುವ ಹುಡುಗಿ ಉಗುರು ನೋಡಿಕೊಳ್ಳುತ್ತಿದ್ದಳು.

"ಲೈಬ್ರರಿ ಮೇಡಂ ಎಷ್ಟೊತ್ತಿಗೆ ಹೋದ್ರು?"

"ಅರ್ಧ ಗಂಟೆ ಆಯ್ತಕ್ಕ. ತಿಂಗಳ ಕೊನೆ, ಸರ್ವಿಸ್ ಹೇಗಿತ್ತು ಅಂತ ಅವ್ರಿಗೆ ಕಂಪನಿಯಿಂದ ಫೋನ್ ಹೋಗತ್ತೆ, ನಮಗೆ ಮಾರ್ಕ್ಸ್ ಕಮ್ಮಿ ಕೊಡ್ತಾರೆ ಅಂತ ಸರ್ ಅರ್ಜೆಂಟ್ ಮಾಡಿ ಕೊಡಿಸಿದ್ರು. ಯಾಕಕ್ಕ, ಮುಖ ಹಂಗಾಗಿದೆ?"

"ಫೋನ್ ಹಾಕೇ ಅವ್ರಿಗೆ! ಬೇಗ!"

ಹಾಕಿದಳು. ಗಂಟೆ ಹೊಡೆದೂ ಹೊಡೆದೂ ನಿಂತಿತು. ಮತ್ತೆ ಹಾಕಿದಳು. ಮೂರನೆಯ ಸಲ ಆ ಕಡೆಯಿಂದ ಕತ್ತರಿಸಿದರು. ನನಗೆ ಅಳು ಬಂತು, ಕೋಪವೂ ಬಂತು. ಕೋಪ ಯಾರ ಮೇಲೆ? ಹತ್ತೊಂಬತ್ತು ದಿನ, ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಆ ಹೆಂಗಸು ಫೋನ್ ಮಾಡಿ, "ಮೀಟರ್ ಬಂತಾ?" ಅಂತ ಮೆತ್ತಗೆ ಕೇಳುತ್ತಿದ್ದರು. ಕಂಪನಿಯಿಂದ ಪಾರ್ಟು ಹೊರಟೇ ಇರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೂ ಹುಡುಗಿಯ ಕಿವಿಯಲ್ಲಿ "ನಾಳೆ ಅನ್ನು" ಅಂತ ಉಸುರುತ್ತಿದ್ದವಳು ನಾನೇ. ಅವರು "ಸರಿಮ್ಮಾ" ಅಂದು ಇಡುತ್ತಿದ್ದರು. ಒಂದು ದಿನವಾದರೂ ದನಿ ಏರಿಸಲಿಲ್ಲ. ಈಗ ನಮ್ಮ ಫೋನನ್ನು ಯಾಕಾದರೂ ತೆಗೆಯಬೇಕು ಅವರು?

ಜಾಬ್ ಕಾರ್ಡಿನಲ್ಲಿ ವಿಳಾಸ ಇತ್ತು. ಡೆಮೋ ಗಾಡಿಯ ಕೀಲಿ ಕಿತ್ತುಕೊಂಡು ಹೊರಟೆ. ಹೆಲ್ಮೆಟ್ಟಿನ ಬಕಲ್ ಹಾಕುವಷ್ಟೂ ನಿಲ್ಲಲಿಲ್ಲ. ದಾರಿಯಲ್ಲಿ ಪ್ರತಿ ಸಿಗ್ನಲ್ಲಿನಲ್ಲೂ ನಿಂತು ಅದೇ ನಂಬರಿಗೆ ಮಾಡಿದೆ. ಹಿಂದಿನ ಬ್ರೇಕು ಸರಿ ಇದೆಯಲ್ಲ, ಅಂತ ನನಗೆ ನಾನೇ ಹೇಳಿಕೊಂಡೆ. ಸಮತಟ್ಟು ರಸ್ತೆಯಲ್ಲಿ ಹೇಗೋ ಆಗುತ್ತದೆ. ಆಗುತ್ತದೆ, ಏನೂ ಆಗುವುದಿಲ್ಲ.

ಮನೆ ಹೆದ್ದಾರಿಯ ಆಚೆ ಬದಿಯ ಸಣ್ಣ ರಸ್ತೆಯಲ್ಲಿತ್ತು. ಬಾಗಿಲಲ್ಲಿ ವಯಸ್ಸಾದ ಹೆಂಗಸೊಬ್ಬರು ಬಟ್ಟೆ ಮಡಿಸುತ್ತಿದ್ದರು. ನಾನು ಹತ್ತಿ ಉಗುಳಿ ಕೇಳಿದೆ.

"ಸೊಸೇನಾ? ಈಗ ತಾನೆ ಗಾಡಿ ತಂದು ತೋರಿಸಿ, ಮಗೂನ ಕರ್ಕೊಂಡ್ಬರ್ತೀನಿ ಅಂತ ಸ್ಕೂಲಿಗೆ ಹೋದ್ಲು. ಇಷ್ಟು ದಿನ ಬಸ್ಸಲ್ಲಿ ಒದ್ದಾಡಿದ್ರು ಇಬ್ರೂ. ಒಳಗೆ ಬನ್ನಿ, ಬಾಯಲ್ಲಿ ರಕ್ತ ಬರ್ತಿದ್ಯಲ್ಲ!"

"ಸ್ಕೂಲ್ ಎಲ್ಲಿ?"

"ಅದೇ, ಮೇಲ್ಗಡೆ. ನೀರಿನ ಟ್ಯಾಂಕ್ ಹತ್ರ."

ನೀರಿನ ಟ್ಯಾಂಕಿನ ಇಳಿಜಾರು ಈ ಕಡೆಯವರಿಗೆಲ್ಲ ಗೊತ್ತು. ಮೇಲಿನಿಂದ ಒಂದೇ ಉಸಿರಿಗೆ ಇಳಿದು, ತಿರುವು ಮುರುವು ಏನಿಲ್ಲದೆ, ಲಾರಿ ಓಡುವ ಹೆದ್ದಾರಿಗೆ ಬಂದು ಸೇರುತ್ತದೆ. ಹತ್ತುವಾಗ ಬ್ರೇಕಿನ ಕೆಲಸವಿಲ್ಲ. ಇಳಿಯುವಾಗ ಹಿಂದೆ ಮಗು ಕೂತಿರುತ್ತದೆ.

ಏರು ಹತ್ತತೊಡಗಿದೆ. ಎದುರಿಗೆ ಬರುವ ಒಂದೊಂದು ಗಾಡಿಯನ್ನೂ ಕಣ್ಣು ಬಿಟ್ಟುಕೊಂಡು ನೋಡಿದೆ. ನೀಲಿ ಬಣ್ಣ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಅರ್ಧ ದಾರಿಯಲ್ಲಿ ಒಂದು ಯೋಚನೆ ಹೊಳೆದು ಹೆದರಿಕೆ ಇಮ್ಮಡಿಯಾಯಿತು. ಅವರು ಈಗ ಇಳಿದು ಬಂದರೆ ನಾನೇನು ಮಾಡಲಿ? ಕೈ ಬೀಸಿ ನಿಲ್ಲಿಸಿದರೆ ಅವರು ಬ್ರೇಕು ಹಿಡಿಯುತ್ತಾರೆ. ಬೀಸದಿದ್ದರೆ ಹೆದ್ದಾರಿಯ ಹತ್ತಿರ ಹಿಡಿದೇ ಹಿಡಿಯುತ್ತಾರೆ. ಹಿಂದಿನ ಬ್ರೇಕು ಒಂದನ್ನೇ ಆ ಇಳಿಜಾರಿನಲ್ಲಿ ತುಳಿದರೆ ಚಕ್ರ ಜಾರಿ ಗಾಡಿ ಅಡ್ಡ ಬೀಳುತ್ತದೆ. ದೇವರೇ, ಅವರು ಇಳಿಯದಿರಲಿ, ಮಗುವಿನ ಚಪ್ಪಲಿ ಕಿತ್ತುಹೋಗಲಿ, ಟೀಚರ್ ಯಾರಾದರೂ ಮಾತಿಗೆ ನಿಲ್ಲಿಸಿಕೊಳ್ಳಲಿ ಅಂತ ಜೋರಾಗಿಯೇ ಅಂದುಕೊಳ್ಳುತ್ತ ಹೋದೆ.

ಸ್ಕೂಲಿನ ಗೇಟಿನ ಹೊರಗೆ, ಕಾಂಪೌಂಡಿಗೆ ಒರಗಿದ ಹಾಗೆ, ಫಳಫಳ ಹೊಳೆಯುತ್ತ ಆ ಗಾಡಿ ನಿಂತಿತ್ತು. ಅಜ್ಜ ನಿಜಕ್ಕೂ ಚೆನ್ನಾಗಿ ತೊಳೆದಿದ್ದ. ನಾನು ನನ್ನ ಗಾಡಿಯಿಂದ ಇಳಿದವಳು ಅದರ ಹ್ಯಾಂಡಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತುಬಿಟ್ಟೆ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮ್ಯಾನೇಜರ್. ನಾನು ಓಡಿ ಬಂದದ್ದನ್ನು ಹುಡುಗಿ ಹೇಳಿದ್ದಳು, ಉಳಿದದ್ದು ಅವರಿಗೇ ಹೊಳೆದಿತ್ತು.

"ಸಿಕ್ಕಿದ್ರಾ? ಅಕ್ಕ, ಕೈಬದಲು ಗಿಯ್ಬದಲು ಏನೂ ಬಾಯಿ ಬಿಡ್ಬೇಡಿ. ಫ್ರೀ ಚೆಕಪ್ ಇದೆ ಅಂತ ಹೇಳಿ ಗಾಡಿ ವಾಪಸ್ ತಂದ್ಬಿಡಿ. ಅಷ್ಟೇ."

ಗಂಟೆ ಬಾರಿಸಿ ಮಕ್ಕಳು ಹೊರಗೆ ನುಗ್ಗಿದರು. ಅವರ ನಡುವೆ ಲೈಬ್ರರಿ ಮೇಡಂ, ಕೈಯಲ್ಲಿ ಏಳು ವರ್ಷದ ಮಗಳು, ಮಗಳ ಕೈಯಲ್ಲಿ ಹಳದಿ ಹೆಲ್ಮೆಟ್. ನನ್ನ ಶರ್ಟಿನ ಮೇಲಿನ ಶೋರೂಮಿನ ಗುರುತು ನೋಡಿ ಅವರ ಹುಬ್ಬು ಗಂಟಾಯಿತು.

ಆಗ ನನ್ನ ಬಾಯಿಂದ ಏನು ಬಂತು ಗೊತ್ತೇ? ಹನ್ನೊಂದು ವರ್ಷದ ಅಭ್ಯಾಸ. "ಮೇಡಂ, ಒಂದು ಫ್ರೀ ಚೆಕಪ್ ಇತ್ತು, ಗಾಡಿ ಒಂಚೂರು..." ಅಂದೆ. ಸುಳ್ಳು ನನ್ನ ಅರ್ಧ ಮರಗಟ್ಟಿದ ಬಾಯಿಂದಲೂ ಸಲೀಸಾಗಿ ಜಾರಿ ಬಂತು.

"ಬೇಡಮ್ಮ. ನಿಮ್ಮ ಚೆಕಪ್ಪೂ ಬೇಡ, ಫೋನೂ ಬೇಡ." ಅವರು ಫೋನಿನ ಪರದೆ ನನ್ನ ಕಡೆ ತಿರುಗಿಸಿದರು. ಹದಿನೇಳು ಸಲ ಮಾಡಿದ್ದೆವು. ನಮ್ಮ ಶೋರೂಮನ್ನು ಅವರು 'ನಾಳೆ' ಅಂತ ಸೇವ್ ಮಾಡಿಕೊಂಡಿದ್ದರು. "ಇವತ್ತಾದ್ರೂ ನೆಮ್ಮದಿಯಾಗಿ ಮನೆಗೆ ಹೋಗೋಕೆ ಬಿಡಿ. ಕೈ ತೆಗೀರಿ."

ಮಗಳನ್ನು ಹಿಂದೆ ಹತ್ತಿಸಿ, ತಾವೂ ಹತ್ತಿ, ಕೀಲಿ ತಿರುಗಿಸಿದರು. ಇಂಜಿನ್ ಶುರುವಾಯಿತು. ಮುಂದೆ ಹತ್ತು ಮಾರು ದೂರದಲ್ಲಿ ಇಳಿಜಾರು.

ನಾನು ಮುಂದಿನ ಚಕ್ರವನ್ನು ಎರಡೂ ಮಂಡಿಗಳ ನಡುವೆ ಹಿಡಿದು ನಿಂತೆ. ಸುತ್ತ ಇದ್ದ ತಾಯಂದಿರೆಲ್ಲ ತಿರುಗಿ ನೋಡಿದರು. ನೋಡಲಿ. "ಚೆಕಪ್ ಸುಳ್ಳು ಮೇಡಂ! ನಿಮ್ಮ ಗಾಡಿಗೆ ಬ್ರೇಕಿಲ್ಲ. ಕೆಟ್ಟಿರೋ ಬ್ರೇಕು ಅದು, ಬೇರೆಯವ್ರದ್ದು. ನಿಮ್ದನ್ನ ಬಿಚ್ಚಿ ಅವ್ರಿಗೆ ಹಾಕಿದೀವಿ. ದಮ್ಮಯ್ಯ, ಇಳೀರಿ!"

ಅವರು ಲಿವರ್ ಒತ್ತಿದರು. ಗಟ್ಟಿಯಾಗಿ ನಿಂತಿತು. ಬಿಟ್ಟು ಮತ್ತೆ ಒತ್ತಿದರು. ಮತ್ತೂ ಗಟ್ಟಿ. ಅವರ ಮುಖದಲ್ಲಿ ಬೇಸರ ತುಂಬಿಕೊಂಡಿತು. "ಸರಿಯಾಗೇ ಇದೆಯಲ್ಲ. ಇನ್ನೂ ಎಷ್ಟು ಸುಳ್ಳು ಹೇಳ್ತೀರಿ?"

ನಿಜ ಹೇಳಿದರೂ ನಂಬದ ಹಾಗೆ ಮಾಡಿಟ್ಟಿದ್ದೆ ನಾನು.

"ಬಿಡ್ಬೇಡಿ ಮೇಡಂ. ಒತ್ತಿ ಹಿಡ್ಕೊಂಡೇ ಇರಿ. ಹತ್ತು ಎಣಿಸೋವರೆಗೂ ಸಾಕು. ಆಮೇಲೆ ನನ್ನ ಮೇಲೇ ಹತ್ತಿಸ್ಕೊಂಡು ಹೋಗಿ, ಕೇಳಲ್ಲ."

ಯಾಕೋ ಒತ್ತಿದರು. ಹಿಂದೆ ಕೂತ ಮಗುವಿಗೆ ಇದು ಆಟದ ಹಾಗೆ ಕಂಡಿರಬೇಕು, ಅದೇ ಎಣಿಸತೊಡಗಿತು. "ಒಂದು, ಎರಡು, ಮೂರು." ಲಿವರ್ ಅಲ್ಲಾಡಲಿಲ್ಲ. "ನಾಕು, ಐದು." ಲಿವರ್ ಒಂದು ಕೂದಲೆಳೆಯಷ್ಟು ಒಳಗೆ ಸರಿಯಿತು. ಅದು ಅವರ ಬೆರಳಿಗೆ ಗೊತ್ತಾದದ್ದು ನನಗೆ ಅವರ ಕಣ್ಣಿನಲ್ಲಿ ಗೊತ್ತಾಯಿತು. "ಆರು, ಏಳು." ಹಿಡಿದ ಹಿಡಿ ಹಾಗೇ ಇತ್ತು, ಲಿವರ್ ಮಾತ್ರ ಮೆಲ್ಲಗೆ, ಯಾವ ಸದ್ದೂ ಇಲ್ಲದೆ, ಕುಸಿಯುತ್ತ ಬಂತು. ಎಂಟಕ್ಕೆ ಅದು ಗ್ರಿಪ್ಪಿಗೆ ತಾಗಿತು.

ಲೈಬ್ರರಿ ಮೇಡಂ ಇಂಜಿನ್ ಆರಿಸಿದರು. ಸ್ಟ್ಯಾಂಡ್ ಹಾಕಿ ಇಳಿದರು.

"ಅಮ್ಮ, ಎಂಟಕ್ಕೇ ನಿಲ್ಸಿಬಿಟ್ಯಲ್ಲ," ಅಂದಿತು ಮಗು. ಆಮೇಲೆ ನನಗೆ ತಿಳಿಹೇಳುವ ಹಾಗೆ, "ಆಂಟಿ, ಗಾಡೀಲಿ ಬರೋವಾಗ ನಾವು ದಿನಾ ಈ ಇಳಿಜಾರಲ್ಲಿ ಎಣಿಸ್ತೀವಿ. ಕೆಳಗೆ ಹೋಗೋಕೆ ನಲವತ್ತು ಬೇಕು."

ತಾಯಿ ಮಗಳನ್ನು ಸೀಟಿನಿಂದ ಎತ್ತಿ ಎದೆಗೆ ಅವಚಿಕೊಂಡರು. ಅಷ್ಟು ದೊಡ್ಡ ಮಗು, ಕಾಲು ತಾಯಿಯ ಮೊಣಕಾಲಿನವರೆಗೂ ಇಳಿಬಿದ್ದಿತ್ತು. ಬೈಯುತ್ತಾರೆ, ಹೊಡೆಯುತ್ತಾರೆ, ಪೊಲೀಸರನ್ನು ಕರೆಯುತ್ತಾರೆ ಅಂತ ನಾನು ಕಾದೆ. ಹೊಡೆದಿದ್ದರೆ ನನಗೂ ಎಷ್ಟೋ ಸಮಾಧಾನವಾಗುತ್ತಿತ್ತು.

"ಅಲ್ಲಿ ಅಷ್ಟೊಂದು ಗಾಡಿ ನಿಂತಿದ್ವಲ್ಲ," ಅಂದರು ಕೊನೆಗೆ, ದಿನಾ ಹನ್ನೊಂದಕ್ಕೆ ಕೇಳುತ್ತಿದ್ದ ಅದೇ ಮೆತ್ತಗಿನ ದನಿಯಲ್ಲಿ. "ನನ್ನ ಗಾಡೀನೇ ಯಾಕೆ?"

ಹೇಳಲು ನೂರು ನೆಪ ಇದ್ದವು. ಒಂದೇ ಮಾಡೆಲ್ಲು ಅನ್ನಬಹುದಿತ್ತು, ಮ್ಯಾನೇಜರ್ ಹೇಳಿದರು ಅನ್ನಬಹುದಿತ್ತು.

"ನೀವು ಬಾಯಿ ಮಾಡ್ತಿರ್ಲಿಲ್ಲ ಮೇಡಂ," ಅಂದೆ.

ಅವರು ಮಗಳನ್ನು ಕೆಳಗಿಳಿಸಿ, ಅವಳ ಕೈ ಹಿಡಿದುಕೊಂಡು ಫುಟ್‌ಪಾತಿನ ಮೇಲೆ ನಡೆಯತೊಡಗಿದರು. ನಾನು ಡೆಮೋ ಗಾಡಿಯನ್ನು ಅಲ್ಲೇ ಬಿಟ್ಟು, ನೀಲಿ ಗಾಡಿಯನ್ನು ಗೇರಿನಲ್ಲಿಟ್ಟು, ಕ್ಲಚ್ಚನ್ನು ಒಂದಿಷ್ಟು ಬಿಟ್ಟು ಒಂದಿಷ್ಟು ಹಿಡಿದು, ಮೈಯೆಲ್ಲ ಹಿಂದಕ್ಕೆ ಜಗ್ಗಿ, ಅವರ ಹಿಂದೆಯೇ ಆ ಇಳಿಜಾರನ್ನು ಒಂದೊಂದೇ ಹೆಜ್ಜೆಯಾಗಿ ಇಳಿದೆ. ಮುಂದೆ ಮಗು ಎಣಿಸುತ್ತಿತ್ತು. ನೂರು ದಾಟಿದರೂ ಹೆದ್ದಾರಿ ಇನ್ನೂ ದೂರವಿತ್ತು.